ಅರ್ಕಾವತ್ತು

ಬಸರಾಳಿನ ಹೈಸ್ಕೂಲಿನ ಗೋಡೆಗೆ ಏಣಿ ಚಾಚಿ
ಬೆಳಗ್ಗೆಯಿಂದ ಬರೆಯುತ್ತಿದ್ದೇನೆ:
‘ವೃತ್ತಿ ಮಾರ್ಗದರ್ಶನ ಶಿಬಿರ’.
ಫ್ಲೆಕ್ಸೇನೋ ಬಂದಿತ್ತು ಮಂಡ್ಯದಿಂದ,
ಒತ್ತು ನುಂಗಿಕೊಂಡು, ‘ವೃತಿ’ ಅಂತ.
ಹೆಡ್ಮಾಷ್ಟ್ರು ಕನ್ನಡ ಪಂಡಿತರು,
ಸುತ್ತಿ ಮೂಲೆಗೆ ಒಗೆದು ನನಗೆ ಫೋನು ಮಾಡಿದರು.

ಶಿಬಿರ ಆಗಲೇ ಶುರು. ಕಿಟಕಿಯೊಳಗಿಂದ ಮೈಕು:
ಗುರಿ ಇಟ್ಟುಕೊಳ್ಳಿ, ಪಟ್ಟಿ ಮಾಡಿಕೊಳ್ಳಿ,
ಹತ್ತು ವರ್ಷದ ಮೇಲೆ ಎಲ್ಲಿರುತ್ತೀರಿ, ಈಗಲೇ ಬರೆದಿಡಿ.
ಹತ್ತು ನಿಮಿಷದ ಮೇಲೆ ನಾನೆಲ್ಲಿರುತ್ತೇನೆ, ಗೊತ್ತು:
‘ದ’ದ ಹೊಟ್ಟೆಯ ಹತ್ತಿರ.
ಅದರಾಚೆಗೆ ಏಣಿಗೂ ಗೊತ್ತಿಲ್ಲ.

ಅಪ್ಪ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಗುಮಾಸ್ತ.
ಕಬ್ಬಿನ ಗಾಡಿ ತೂಗಿದ ಹಾಗೆ ನನ್ನನ್ನೂ ತೂಗಿ
ಚೀಟಿ ಹರಿದಿದ್ದ:
ಟಿಸಿಎಚ್ಚು, ಸರ್ಕಾರಿ ಶಾಲೆ, ಪಿಂಚಣಿ.
ಅರ್ಜಿ ತುಂಬಲು ಕೊಟ್ಟ ದಿನ ನಾನು
‘ಜಿ’ಯ ಗುಡಿಸನ್ನು ಯಾರು ಹೀಗೆ ಬಾಗಿಸಿದರು
ಅಂತ ನೋಡುತ್ತಾ ಕೂತೆ. ದೀಪ ಹಚ್ಚುವ ಹೊತ್ತಾಯಿತು,
ಹೆಸರಿನ ಮುಂದಿನ ಚುಕ್ಕೆಗಳು ಹಾಗೇ ಇದ್ದವು.

ಪೇಟೆ ಬೀದಿಯಲ್ಲಿ ಖಲಂದರ್ ಸಾಬರು
ಬೋರಲಿಂಗಯ್ಯನ ಕಿರಾಣಿ ಅಂಗಡಿಗೆ ‘ಣ’ ಬರೆಯುತ್ತಿದ್ದರು.
ಒಂದೇ ಉಸಿರು. ಕುಂಚ ಎತ್ತಲಿಲ್ಲ.
ಟೈಪಿಂಗ್ ಕ್ಲಾಸಿಗೆಂದು ಹೊರಟವಳು ಅಲ್ಲೇ ನಿಂತೆ,
ಮಾರನೆಯ ದಿನವೂ, ಅದರ ಮಾರನೆಯ ದಿನವೂ.
ಹದಿನೇಳನೆಯ ದಿನ ತಿರುಗಿಯೂ ನೋಡದೆ ಅವರು
‘ಸುಮ್ನೆ ನಿಂತ್ರೆ ನೆಳ್ಳು ಬೀಳ್ತದೆ ಮಗಾ,
ಡಬ್ಬ ಇಡ್ಕೊ’ ಅಂದರು.
ನನ್ನ ಬಾಳಿಗೆ ಯೋಜನೆ ಅಂತ ಒಂದಿದ್ದರೆ
ಅದು ಆ ಡಬ್ಬ.

ಸುಖವಾಗಿದ್ದೆ ಅಂದರೆ ಸುಳ್ಳಾಗುತ್ತದೆ.
ಅಪ್ಪ ಆರು ವರ್ಷ ನನ್ನ ಹೆಸರು ಹಿಡಿದು ಕರೆಯಲಿಲ್ಲ.
ಊರಿನ ಅಂಗಡಿಗಳಿಗೆಲ್ಲ ಹೆಸರು ಬರೆದವಳು
ಮನೆಯಲ್ಲಿ ಬರೀ ‘ಅವಳು’.
ಫ್ಲೆಕ್ಸ್ ಬಂದ ವರ್ಷ ಕಿವಿಯ ಓಲೆ ಹೋಯಿತು.
ಆಮೇಲೆ ಸಿಕ್ಕಿದ್ದು ಟ್ರಾಕ್ಟರಿನ ಬೆನ್ನು,
ಡೈರಿ ಗೋಡೆಯ ಹಾಲಿನ ದರ, ಸಮಾಧಿಯ ಕಲ್ಲು
(ಸತ್ತವರು ಯಾರೂ ಅಕ್ಷರ ಸಣ್ಣದಾಯಿತೆಂದು
ದುಡ್ಡು ಮುರಿದುಕೊಂಡಿಲ್ಲ).
ಎಷ್ಟು ತೊಳೆದರೂ ಮುದ್ದೆಗೆ ಟರ್ಪೆಂಟೈನಿನ ವಾಸನೆ.

ಜೊತೆಯಲ್ಲಿ ಓದಿದ ಜಯಶೀಲ
ಮೇಡಮ್ಮಾಗಿ ನಿವೃತ್ತಳಾಗಿ, ಗುತ್ತಲಿನಲ್ಲಿ ಮನೆ ಕಟ್ಟಿ
ಮನೆಗೆ ಹೆಸರು ಬರೆಯಲು ಕರೆಸಿದಳು.
‘ಪಿಂಚಣಿ ಇಲ್ವಲ್ಲೇ ನಿಂಗೆ’ ಅಂತ
ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.
ಅವಳ ಮಾತು ಸರಿ.
ರಾತ್ರಿ ಮೊಣಕಾಲು ಹಿಡಿದುಕೊಂಡಾಗ ಇನ್ನೂ ಸರಿ.

ಆದರೆ ಯಾವತ್ತೋ ಒಂದು ‘ಳ’
ತನ್ನಷ್ಟಕ್ಕೆ ತಾನು ಸುರುಳಿ ಸುತ್ತಿ ನಿಂತಾಗ
ಪಕ್ಕೆಯೊಳಗೆ ಸದ್ದಾಗುತ್ತದೆ,
ವಿ.ಸಿ. ನಾಲೆಗೆ ಮೊದಲ ನೀರು ಬಿಟ್ಟ ರಾತ್ರಿಯ ಹಾಗೆ.
ಇದನ್ನು ಯಾರ ಪಟ್ಟಿಯಲ್ಲಿ, ಯಾವ ಕಾಲಮ್ಮಿನಲ್ಲಿ ಬರೆಯುವುದು?

ನೀರು ಕುಡಿಯುವ ನೆವದಲ್ಲಿ ಒಬ್ಬಳು ಹೊರಗೆ ಬಂದಳು.
ಕೈಯಲ್ಲಿ ಫಾರಂ, ಅರ್ಧ ತುಂಬಿದ್ದು.
ಏಣಿಯ ಕೆಳಗೆ ನಿಂತು, ಕತ್ತೆತ್ತಿ,
‘ಆಂಟಿ, ಮಾರ್ಗದಲ್ಲಿ “ರ್” ಅನ್ನೋದು ಮೊದ್ಲು,
ಬರೆಯೋದು ಮಾತ್ರ ಆಮೇಲೆ. ಯಾಕೆ?’
ಗೊತ್ತಿಲ್ಲ ಕಣಮ್ಮ. ಸಾಬರೂ ಹೇಳಲಿಲ್ಲ.
‘ಗ’ದ ಪಕ್ಕ ಜಾಗ ಬಿಟ್ಟಿರು ಅಂದರು, ಅಷ್ಟೇ.
ನಾಲಿಗೆಗೆ ಮೊದಲು ಬಂದದ್ದು
ಗೋಡೆಗೆ ಬರುವುದು ಹಿಂದಿನಿಂದ, ಕಾಯಿಸಿ.

ಒಳಗೆ ಹೋಗು, ಮೇಷ್ಟ್ರು ಬೈತಾರೆ ಅಂದೆ.
ಹೂಂ ಅಂದಳು. ಹೋಗಲಿಲ್ಲ.
ಬಿಸಿಲು ತಿರುಗಿತ್ತು.
ಬಿಟ್ಟ ಆ ಖಾಲಿ ಜಾಗದ ಮೇಲೇ
ಅವಳ ನೆರಳು ಬಿದ್ದಿತ್ತು.
ಕುಂಚ ಅದ್ದಿ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದೆ,
ಸರಿ ಅಂತ ಅನ್ನಲಿಲ್ಲ.